ಒಂದೇ ಪಾಲಿಸಿಯಲ್ಲಿ ಅಮ್ಮನ ಮಂಡಿ, ಅಪ್ಪನ ಕಾಲು

ತಂದೆ ತಾಯಿ ಇಬ್ಬರನ್ನೂ ಸೇರಿಸಿ 2014ರಲ್ಲಿ ಮಾಡಿಸಿದ, ಐದು ಲಕ್ಷ ರೂಪಾಯಿ ವಿಮಾ ಮೊತ್ತದ ಆರೋಗ್ಯ ವಿಮೆಯೊಂದನ್ನು ನಾನು ಇಂದಿಗೂ ನವೀಕರಿಸಿಕೊಂಡು ಬಂದಿದ್ದೇನೆ. ಅದರಿಂದ ಎರಡು ಸಲ ದೊಡ್ಡ ಕ್ಲೇಮ್ ಪಡೆದಿದ್ದೇನೆ, ಒಂದು ಸಲ ಬರಿಗೈಯಲ್ಲಿ ಮರಳಿದ್ದೇನೆ. ಮೂರನ್ನೂ ಜೊತೆಗಿಟ್ಟು ನೋಡಿದಾಗ ಮಾತ್ರ ಈ ಪಾಲಿಸಿಯ ಗುಣ ಮತ್ತು ದೋಷ ಎರಡೂ ಕಾಣುತ್ತವೆ. ಕಂಪನಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ನಾನು ಆಕ್ಷೇಪಿಸುವ ಷರತ್ತು ಆ ಒಂದು ಕಂಪನಿಯ ಸ್ವತ್ತಲ್ಲ; ಬೇರೆ ಕಂಪನಿಗಳ ನಾಲ್ಕಾರು ಪಾಲಿಸಿಗಳನ್ನು ತರಿಸಿ ಓದಿದಾಗಲೂ ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ ಸಿಕ್ಕಿತು. ಆಸ್ಪತ್ರೆಯ ಖರ್ಚಿನ ಮಟ್ಟಿಗೆ ಈ ಪಾಲಿಸಿಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಾಲು ಕಳೆದುಕೊಂಡ ಮನುಷ್ಯ ಮತ್ತೆ ನಡೆಯುವ ವಿಷಯಕ್ಕೆ ಒಂದು ಅಂಕವನ್ನೂ ಕೊಡಲಾರೆ.

ಮೊದಲನೆಯದು ಅಮ್ಮನ ಮಂಡಿ. ಸವೆದುಹೋಗಿದ್ದ ಅವರ ಎಡ ಮಂಡಿಗೆ 2021ರ ಕೊನೆಯಲ್ಲಿ ಬದಲಿ ಮಂಡಿ ಹಾಕಿಸಿದೆವು. ಶಸ್ತ್ರಚಿಕಿತ್ಸೆ, ಕೊಠಡಿ ಬಾಡಿಗೆ, ಔಷಧಗಳ ಜೊತೆಗೆ, ಒಳಗೆ ಕೂರಿಸಿದ ಲೋಹದ ಇಂಪ್ಲಾಂಟಿನ ಪೂರ್ತಿ ಬೆಲೆಯನ್ನೂ ಕಂಪನಿಯೇ ಕೊಟ್ಟಿತು. ಆ ಇಂಪ್ಲಾಂಟಿನ ಸ್ಟಿಕ್ಕರನ್ನು ಆಸ್ಪತ್ರೆಯವರು ಡಿಸ್ಚಾರ್ಜ್ ಕಡತಕ್ಕೆ ಅಂಟಿಸಿದ್ದರು. ಅದು ಈಗಲೂ ನಮ್ಮ ಬೀರುವಿನಲ್ಲಿದೆ. ಮಂಡಿಯ ಇಂಪ್ಲಾಂಟು ಜನರಿಗೆ ಅಗತ್ಯವಾದ ವಸ್ತು ಎಂದು ಒಪ್ಪಿ, ಕೇಂದ್ರ ಸರ್ಕಾರ 2017ರ ಆಗಸ್ಟಿನಲ್ಲಿಯೇ ಅದರ ಬೆಲೆಗೆ ಮಿತಿ ಹಾಕಿತ್ತು. ಅಮ್ಮ ಮೂರು ತಿಂಗಳಿಗೆಲ್ಲ ಮಹಡಿ ಮೆಟ್ಟಿಲು ಹತ್ತಿದರು. ಆಗ ನಾನು ಈ ಪಾಲಿಸಿಯನ್ನು ಕೇಳಿದವರಿಗೆಲ್ಲ ಹೊಗಳಿ ಹೇಳುತ್ತಿದ್ದೆ.

ಎರಡನೆಯದು ಅಪ್ಪನದು. ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆದು, ಮಾರುಕಟ್ಟೆಯ ಅಂಗಳದಲ್ಲಿ ಬೆಳಗಿನಿಂದ ಸಂಜೆಯವರೆಗೆ ಓಡಾಡಿ ಬದುಕಿದವರು ಅವರು. ಸಕ್ಕರೆ ಕಾಯಿಲೆ ಬಂದು ಬಹಳ ವರ್ಷಗಳಾಗಿದ್ದವು. ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಚಪ್ಪಲಿ ಉಜ್ಜಿ ಆದ ಗಾಯ ಅವರಿಗೆ ನೋಯಲೇ ಇಲ್ಲ, ಏಕೆಂದರೆ ಪಾದದಲ್ಲಿ ಸ್ಪರ್ಶಜ್ಞಾನವೇ ಕುಂದಿತ್ತು. ನೋವಿಲ್ಲದ ಗಾಯವನ್ನು ಯಾರೂ ದೊಡ್ಡದೆಂದು ಎಣಿಸುವುದಿಲ್ಲ, ನಾವೂ ಎಣಿಸಲಿಲ್ಲ. ಅದು ಗ್ಯಾಂಗ್ರೀನಿಗೆ ತಿರುಗಿ, 2024ರ ಫೆಬ್ರುವರಿಯಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಮಂಡಿಯ ಕೆಳಗೆ ಕಾಲು ತೆಗೆಯಬೇಕಾಯಿತು. ಮಂಡಿಯನ್ನು ಉಳಿಸಲು ಶಸ್ತ್ರವೈದ್ಯರು ಪಟ್ಟ ಶ್ರಮವನ್ನು ಇಲ್ಲಿ ದಾಖಲಿಸಬೇಕು. ಸ್ವಂತ ಮಂಡಿ ಉಳಿದವರು ಕೃತಕ ಕಾಲಿನ ಮೇಲೆ ನಡೆಯುವುದಕ್ಕೂ ತೊಡೆಯ ಮಟ್ಟದಲ್ಲಿ ಕಾಲು ಹೋದವರು ನಡೆಯುವುದಕ್ಕೂ ಬೀಳುವ ಶ್ರಮದಲ್ಲಿ ಬಹಳ ಅಂತರವಿದೆ. ಈ ಮನುಷ್ಯ ಮತ್ತೆ ನಡೆಯಬೇಕು ಎಂಬುದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಅವರು ಶಸ್ತ್ರಚಿಕಿತ್ಸೆ ಮಾಡಿದ್ದರು.

ಆ ಹೊತ್ತಿನಲ್ಲಿ ವಿಮಾ ಕಂಪನಿಯ ನಡವಳಿಕೆಯ ಬಗ್ಗೆ ನನ್ನದು ಒಂದೂ ದೂರಿಲ್ಲ. ಕ್ಯಾಶ್‌ಲೆಸ್ ಅನುಮತಿ ಕೇಳಿದ ದಿನವೇ ಸಿಕ್ಕಿತು, ಕಂಪನಿಯ ಪರವಾಗಿ ಕ್ಲೇಮ್ ನೋಡಿಕೊಳ್ಳುವ ಟಿಪಿಎ ಸಂಸ್ಥೆಯ ಸಿಬ್ಬಂದಿ ಸೌಜನ್ಯದಿಂದ ಮಾತನಾಡಿದರು, 2,84,000 ರೂಪಾಯಿಯ ಬಿಲ್ಲಿನಲ್ಲಿ ಸುಮಾರು 21,000 ಮಾತ್ರ ನಮ್ಮ ಕೈಯಿಂದ ಹೋಯಿತು. ಆ ಮೊತ್ತ ಯಾವುದಕ್ಕೆ ಹೋಯಿತೆಂದು ನೋಡಲು ಹೋಗಿ, ಪಾಲಿಸಿಯ ಕೊನೆಯಲ್ಲಿರುವ ಅನುಬಂಧವನ್ನು ಮೊದಲ ಬಾರಿಗೆ ಪೂರ್ತಿ ಓದಿದೆ. ವಿಮಾ ನಿಯಂತ್ರಣ ಪ್ರಾಧಿಕಾರ ಎಲ್ಲ ಕಂಪನಿಗಳಿಗೂ ಏಕರೂಪವಾಗಿ ರೂಪಿಸಿಕೊಟ್ಟ, ಪಾಲಿಸಿ ಭರಿಸಬೇಕಿಲ್ಲದ ವಸ್ತುಗಳ ಪಟ್ಟಿ ಅದು. ಮಿನರಲ್ ವಾಟರ್, ಟಿವಿ ಶುಲ್ಕ, ದೂರವಾಣಿ, ಬಟ್ಟೆ ಒಗೆಸಿದ ಖರ್ಚು, ಇವೆಲ್ಲ ಅದರಲ್ಲಿರುವುದು ನ್ಯಾಯವೇ. ಆದರೆ ಅದೇ ಪಟ್ಟಿಯಲ್ಲಿ, ಅವುಗಳ ಸಾಲಿನಲ್ಲಿಯೇ, ನಡೆಯಲು ನೆರವಾಗುವ ಸಾಧನಗಳೂ ಸಕ್ಕರೆ ಕಾಯಿಲೆಯವರ ಪಾದರಕ್ಷೆಯೂ ಇವೆ. ಅಪ್ಪನ ಗಾಯ ಹುಟ್ಟಿದ್ದು ಚಪ್ಪಲಿಯಿಂದ. ಅಂಥ ಪಾದರಕ್ಷೆಯೊಂದಕ್ಕೆ ಆಗುವ ಖರ್ಚೆಷ್ಟು, ಕಾಲು ತೆಗೆಯುವುದಕ್ಕೆ ಕಂಪನಿ ಕೊಟ್ಟ ಹಣವೆಷ್ಟು ಎಂದು ಆ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಲೆಕ್ಕ ಹಾಕಿದ್ದು ನೆನಪಿದೆ.

ಇನ್ನು ಕೃತಕ ಕಾಲು. ಅದನ್ನು ಹೇಗೆ ಮಾಡುತ್ತಾರೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಪಾಲಿಸಿಯನ್ನು ಬರೆದವರು ಈ ಕೆಲಸ ನಡೆಯುವ ಕೋಣೆಯನ್ನು ಒಮ್ಮೆಯಾದರೂ ನೋಡಿದ್ದರೆ ಷರತ್ತುಗಳು ಹೀಗೆ ಇರುತ್ತಿರಲಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ಕಾಲು ತೆಗೆದ ಕೂಡಲೇ ಕೃತಕ ಕಾಲು ಹಾಕಲು ಬರುವುದಿಲ್ಲ. ಹೊಲಿಗೆ ಬಿಚ್ಚಬೇಕು, ಗಾಯ ಮಾಯಬೇಕು, ಕತ್ತರಿಸಿದ ಮೇಲೆ ಉಳಿದ ಕಾಲಿನ ತುಂಡಿನ ಊತ ಇಳಿದು ಅದಕ್ಕೊಂದು ಆಕಾರ ಬರಬೇಕು. ಅದಕ್ಕಾಗಿ ದಿನವಿಡೀ ಬಿಗಿಯಾದ ಪಟ್ಟಿ ಸುತ್ತಿರಬೇಕು. ಸಕ್ಕರೆ ಕಾಯಿಲೆ ಇರುವವರಲ್ಲಿ ಇದಕ್ಕೆಲ್ಲ ಎರಡು ತಿಂಗಳು ಹಿಡಿದರೂ ಅದು ಬೇಗ ಎಂದೇ ಅರ್ಥ. ಆಮೇಲೆ ಪ್ರಾಸ್ಥೆಟಿಸ್ಟ್, ಅಂದರೆ ಕೃತಕ ಅಂಗ ತಯಾರಿಸುವ ತಜ್ಞರು, ಆ ಉಳಿದ ಕಾಲಿನ ಮೇಲೆ ಪ್ಲಾಸ್ಟರ್ ಬ್ಯಾಂಡೇಜು ಸುತ್ತಿ ಅಚ್ಚು ತೆಗೆಯುತ್ತಾರೆ, ಆ ಅಚ್ಚಿನೊಳಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದು ಕಾಲಿನ ಪ್ರತಿರೂಪ ಮಾಡಿಕೊಳ್ಳುತ್ತಾರೆ. ನಂತರ ಉಜ್ಜುಗತ್ತಿ ಹಿಡಿದು, ಮಂಡಿಚಿಪ್ಪಿನ ಕೆಳಗೆ ಭಾರ ತಾಳಬಲ್ಲ ಜಾಗದಲ್ಲಿ ಪ್ಲಾಸ್ಟರು ಕೆರೆದು, ಎಲುಬು ಚರ್ಮಕ್ಕೆ ಹತ್ತಿರವಿರುವ ಜಾಗದಲ್ಲಿ ಪ್ಲಾಸ್ಟರು ಏರಿಸಿ, ಒಂದೊಂದು ಮಿಲಿಮೀಟರಿಗೂ ಲೆಕ್ಕವಿಟ್ಟು ತಿದ್ದುತ್ತಾರೆ. ಆ ಪ್ರತಿರೂಪದ ಮೇಲೆಯೇ ಸಾಕೆಟ್, ಅಂದರೆ ಉಳಿದ ಕಾಲು ಒಳಗೆ ಕೂರುವ ಬಟ್ಟಲಿನಂಥ ಭಾಗ, ತಯಾರಾಗುವುದು. ಸಾಕೆಟ್ ಸರಿಯಿಲ್ಲದಿದ್ದರೆ ಕೆಳಗೆ ಎಷ್ಟು ದುಬಾರಿಯ ಪಾದ ಜೋಡಿಸಿದರೂ ನಡೆಯಲಾಗದು. ಅಪ್ಪನಂಥವರ ವಿಷಯದಲ್ಲಿ ಸಾಕೆಟ್ಟಿನ ಒಂದು ತಪ್ಪು ಉಬ್ಬು ಮತ್ತೊಂದು ಗಾಯಕ್ಕೆ, ಆ ಗಾಯ ಮತ್ತೊಂದು ಶಸ್ತ್ರಚಿಕಿತ್ಸೆಗೆ ದಾರಿ ಮಾಡಬಲ್ಲದು.

ಅಪ್ಪನ ಕಾಲು ಮಾಡಿದ ಕೇಂದ್ರದ ಹೆಸರನ್ನೂ ಬರೆಯುತ್ತಿಲ್ಲ. ಆದರೆ ಅಲ್ಲಿನ ಪ್ರಾಸ್ಥೆಟಿಸ್ಟ್, ನನಗಿಂತ ಹತ್ತು ವರ್ಷ ಚಿಕ್ಕವರಿರಬೇಕು, ಮೊದಲ ದಿನ ಅಪ್ಪನನ್ನು ಕೇಳಿದ್ದು ಕಾಯಿಲೆಯ ಬಗ್ಗೆ ಅಲ್ಲ. "ಯಜಮಾನ್ರೇ, ಮನೇಲಿ ಹೊಸ್ತಿಲು ಎಷ್ಟೆತ್ತರ ಇದೆ? ದೇವಸ್ಥಾನಕ್ಕೆ ಹೋಗ್ತೀರಾ?" ಎಂದು ಕೇಳಿದರು. ಬೂಟಿನ ಹಿಮ್ಮಡಿಯ ಎತ್ತರಕ್ಕೆ ಹೊಂದಿಸಿದ ಪಾದವನ್ನು ಬರಿಗಾಲಲ್ಲಿ ಊರಿದರೆ ಇಡೀ ಕಾಲಿನ ಓರೆಯೇ ಬದಲಾಗಿ ಮಂಡಿ ಹಿಂದಕ್ಕೆ ತಳ್ಳಿದಂತಾಗುತ್ತದೆ ಎಂಬುದು ನನಗೆ ತಿಳಿದದ್ದು ಆಗಲೇ. ಮನೆಯೊಳಗೆ ಚಪ್ಪಲಿ ಹಾಕದ, ಗುಡಿಯ ಅಂಗಳದಲ್ಲಿ ಬರಿಗಾಲಲ್ಲಿ ನಡೆಯುವ ನಮ್ಮ ಜನರಿಗೆ ಇದು ಸಣ್ಣ ವಿಷಯವಲ್ಲ. ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ 1968ರ ವೇಳೆಗೆ ಡಾ. ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ ಸೇರಿ ಜೈಪುರ ಪಾದವನ್ನು ರೂಪಿಸಿದ್ದು ಈ ಅಗತ್ಯಕ್ಕಾಗಿಯೇ: ಬರಿಗಾಲಲ್ಲಿ ನಡೆಯಲು, ಕುಕ್ಕರಗಾಲಲ್ಲಿ ಕೂರಲು, ಗದ್ದೆಯ ಕೆಸರಿನಲ್ಲಿ ಇಳಿಯಲು.

ಅಪ್ಪ 2024ರ ಫೆಬ್ರುವರಿ 19ರಂದು ಡಿಸ್ಚಾರ್ಜ್ ಆದರು. ಕಾಲಿನ ಅಚ್ಚು ತೆಗೆದದ್ದು ಏಪ್ರಿಲ್ 24ರಂದು. ಮೇ ಮಧ್ಯದ ಹೊತ್ತಿಗೆ ಎರಡು ಕಂಬಿಗಳ ನಡುವೆ ನಿಂತು ಹೆಜ್ಜೆ ಇಟ್ಟರು. ಸಾಕೆಟ್ಟಿನೊಳಗೆ ಕಾಲಿಗೆ ತೊಡುವ ಮೆತ್ತನೆಯ ಸಿಲಿಕೋನ್ ಲೈನರ್, ಸಾಕೆಟ್, ಕೊಳವೆ, ಪಾದ ಮತ್ತು ನಡಿಗೆಯ ತರಬೇತಿ ಸೇರಿ 1,45,000 ರೂಪಾಯಿ ಆಯಿತು. ವೈದ್ಯರ ಶಿಫಾರಸು ಪತ್ರ, ಬಿಲ್ಲು, ಭಾವಚಿತ್ರಗಳನ್ನೆಲ್ಲ ಜೋಡಿಸಿ ಕ್ಲೇಮ್ ಸಲ್ಲಿಸಿದೆ. ಹದಿನೆಂಟು ದಿನಗಳಲ್ಲಿ ತಿರಸ್ಕಾರ ಪತ್ರ ಬಂತು. ಅದರಲ್ಲಿ ಎರಡು ಕಾರಣಗಳಿದ್ದವು. ಆಸ್ಪತ್ರೆಯಿಂದ ಬಿಡುಗಡೆಯಾದ ನಂತರದ ಖರ್ಚಿಗೆ ಪಾಲಿಸಿ ಕೊಡುವ ಅವಧಿ 60 ದಿನ, ಅದು ಏಪ್ರಿಲ್ 19ಕ್ಕೆ ಮುಗಿದಿದೆ ಎಂಬುದು ಒಂದು. ಶಸ್ತ್ರಚಿಕಿತ್ಸೆಯಿಲ್ಲದೆ ದೇಹದಿಂದ ಬೇರ್ಪಡಿಸಬಹುದಾದ ಯಾವುದೇ ಬಾಹ್ಯ ಸಾಧನಕ್ಕೆ, ಕೃತಕ ಕೈಕಾಲುಗಳೂ ಸೇರಿದಂತೆ, ಈ ಪಾಲಿಸಿಯಡಿ ಹಣ ಸಲ್ಲದು ಎಂಬುದು ಇನ್ನೊಂದು.

ಐದು ದಿನ ಮುಂಚೆ ಅಚ್ಚು ತೆಗೆಸಿದ್ದರೂ ಎರಡನೆಯ ಕಾರಣದಿಂದ ಹಣ ಸಿಗುತ್ತಿರಲಿಲ್ಲ. ಆದರೆ ಮೊದಲನೆಯ ಕಾರಣವನ್ನೂ ಹಾಗೆಯೇ ಬಿಡುವಂತಿಲ್ಲ. ಗಾಯ ಮಾಯುವುದಕ್ಕೆ ದೇಹ ತೆಗೆದುಕೊಳ್ಳುವ ಕಾಲವೇ ಪಾಲಿಸಿ ಕೊಡುವ ಕಾಲಕ್ಕಿಂತ ಉದ್ದವಾಗಿರುವಾಗ, ಆ 60 ದಿನ ಕಾಲು ಕಳೆದುಕೊಂಡವರ ಮಟ್ಟಿಗೆ ಇದ್ದೂ ಇಲ್ಲದಂತೆ. 2020ರಲ್ಲಿ ಎಲ್ಲ ಕಂಪನಿಗಳೂ ಮಾರಬೇಕೆಂದು ಬಂದ ಆರೋಗ್ಯ ಸಂಜೀವಿನಿ ಪಾಲಿಸಿಯಲ್ಲಿಯೂ ಈ ಅವಧಿ 60 ದಿನವೇ. ಜ್ವರಕ್ಕೆ, ಅಪೆಂಡಿಕ್ಸಿಗೆ, ಹೃದಯದ ಸ್ಟೆಂಟಿಗೆ ಅದು ಸಾಕಾಗಬಹುದು. ಅಂಗಚ್ಛೇದನಕ್ಕೆ ಸಾಲದು.

ಎರಡನೆಯ ಕಾರಣವೇ ನನ್ನನ್ನು ಈ ವಿಮರ್ಶೆ ಬರೆಯಲು ಕೂರಿಸಿದ್ದು. ಒಂದೇ ಮನೆ, ಒಂದೇ ಪಾಲಿಸಿ, ಒಂದೇ ಪ್ರೀಮಿಯಂ. ಅಮ್ಮ ನಡೆಯಲೆಂದು ಹಾಕಿದ ಲೋಹ ಚರ್ಮದ ಒಳಗಿದ್ದುದರಿಂದ ಅದು ಚಿಕಿತ್ಸೆ ಎನಿಸಿತು; ಅಪ್ಪ ನಡೆಯಲೆಂದು ಹಾಕಿದ ಕಾಲು ಚರ್ಮದ ಹೊರಗಿದ್ದುದರಿಂದ ಅದು ಸಾಮಗ್ರಿ ಎನಿಸಿತು. ಅಮ್ಮನಿಗೆ ಬದಲಿ ಮಂಡಿ ಹಾಕಿಸದೆ ಹೋಗಿದ್ದರೂ ಅವರು ನೋವು ತಿಂದುಕೊಂಡು, ಕೋಲೂರಿಕೊಂಡು ಬಚ್ಚಲುಮನೆಯವರೆಗೆ ಹೋಗುತ್ತಿದ್ದರು. ಅಪ್ಪನಿಗೆ ಆ ಕಾಲಿಲ್ಲದೆ ಹಾಸಿಗೆಯಿಂದ ಎದ್ದು ನಿಲ್ಲುವುದೂ ಪರಾಧೀನ. ಕಳಚಿ ಇಡಬಹುದು ಎಂಬುದೇ ಒಂದು ವಸ್ತುವನ್ನು ಅನಗತ್ಯವೆನ್ನಲು ಕಾರಣವಾಗಬಾರದು. ಶಸ್ತ್ರವೈದ್ಯರು ಮಂಡಿ ಉಳಿಸಲು ಅಷ್ಟು ಹೆಣಗಿದ್ದೇ ಮುಂದೆ ಕೃತಕ ಕಾಲು ಬರುತ್ತದೆ ಎಂಬ ಭರವಸೆಯಿಂದ. ಹಾಗಿರುವಾಗ ಆ ಚಿಕಿತ್ಸೆ ಡಿಸ್ಚಾರ್ಜ್ ದಿನ ಮುಗಿಯಿತು ಎಂದು ಯಾವ ವೈದ್ಯರೂ ಹೇಳಲಾರರು.

ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಇದನ್ನೆಲ್ಲ ಬರೆದೆ. ಉತ್ತರ ವಿನಯವಾಗಿತ್ತು, ಷರತ್ತಿನ ಸಂಖ್ಯೆಯನ್ನು ಮತ್ತೊಮ್ಮೆ ಉಲ್ಲೇಖಿಸಿತ್ತು. ವಿಮಾ ಕಂಪನಿಗಳ ವಿರುದ್ಧದ ದೂರು ಕೇಳುವ ವಿಮಾ ಓಂಬುಡ್ಸ್‌ಮನ್ ಬಳಿಗೆ ನಾನು ಹೋಗಲಿಲ್ಲ, ಏಕೆಂದರೆ ನಮ್ಮ ಪಾಲಿಸಿಯಲ್ಲಿ ಕೃತಕ ಅಂಗ ಎಂಬ ಪದವೇ ಸ್ಪಷ್ಟವಾಗಿ ಅಚ್ಚಾಗಿತ್ತು. ಒಪ್ಪಂದದಲ್ಲಿ ಬರೆದದ್ದನ್ನು ಮೀರಿ ಕೊಡಿಸಿರೆಂದು ಕೇಳುವುದಕ್ಕೆ ಅದು ಸ್ಥಳವಲ್ಲ ಎನಿಸಿತು. ಆದರೆ ನಿಮ್ಮ ಪಾಲಿಸಿಯ ಮಾತು ಅಸ್ಪಷ್ಟವಾಗಿದ್ದರೆ ಖಂಡಿತ ಹೋಗಿ. ಕಂಪನಿಯ ಅಂತಿಮ ಉತ್ತರ ಬಂದ ಒಂದು ವರ್ಷದೊಳಗೆ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ, ಐವತ್ತು ಲಕ್ಷ ರೂಪಾಯಿಯವರೆಗಿನ ವ್ಯಾಜ್ಯಗಳನ್ನು ಅಲ್ಲಿ ಕೇಳುತ್ತಾರೆ. ಕರ್ನಾಟಕದವರಿಗೆ ಆ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ.

ಬೇರೆ ದಾರಿಗಳಿಲ್ಲವೇ ಎಂದು ಹಲವರು ಕೇಳಿದರು. ಇವೆ, ಒಂದೊಂದನ್ನೂ ನೋಡಿದ್ದೇನೆ. ಬ್ಯಾಂಕಿನ ಮೂಲಕ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಒಂದು ಕಾಲು ಹೋದರೆ ಒಂದು ಲಕ್ಷ ರೂಪಾಯಿ ಸಿಗುತ್ತದೆ, ಆದರೆ ಅಪಘಾತದಿಂದ ಹೋಗಿದ್ದರೆ ಮಾತ್ರ. ಸಕ್ಕರೆ ಕಾಯಿಲೆಯಿಂದ ಹೋದ ಕಾಲಿಗೆ ಇಲ್ಲ. ಅಂಗವಿಕಲರಿಗೆ ಸಾಧನ ಒದಗಿಸುವ ಕೇಂದ್ರದ ಎಡಿಪ್ ಯೋಜನೆಯಲ್ಲಿ ಕಾನ್ಪುರದ ಸರ್ಕಾರಿ ಸಂಸ್ಥೆ ಅಲಿಮ್ಕೊ ತಯಾರಿಸುವ ಸಾಧನಗಳು ಸಿಗುತ್ತವೆ. ಅದಕ್ಕೆ ಆದಾಯದ ಮಿತಿಯಿದೆ, ನಮ್ಮ ಮನೆಯ ಆದಾಯ ಆ ಮಿತಿಯ ಮೇಲಿದೆ. ಜೈಪುರದಲ್ಲಿ 1975ರಲ್ಲಿ ಆರಂಭವಾದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಮತ್ತು ಅದರಂತೆ ಕೆಲಸ ಮಾಡುವ ಸಂಸ್ಥೆಗಳು ಯಾರಿಂದಲೂ ಹಣ ಕೇಳದೆ ಕಾಲು ಕೊಡುತ್ತಿವೆ. ಆ ಕೆಲಸಕ್ಕೆ ನಾನು ತಲೆಬಾಗುತ್ತೇನೆ. ಆದರೆ ಹತ್ತು ವರ್ಷ ತಪ್ಪದೆ ಪ್ರೀಮಿಯಂ ಕಟ್ಟಿದ ಮನುಷ್ಯ ಶಿಬಿರದ ಸಾಲಿನಲ್ಲಿ ನಿಂತರೆ, ತನಗಿಂತ ಬಡವರಾದ ಒಬ್ಬರ ಸರದಿಯನ್ನು ಹಿಂದಕ್ಕೆ ತಳ್ಳಿದಂತೆಯೇ. ಅಪ್ಪ ಅದಕ್ಕೆ ಒಪ್ಪಲಿಲ್ಲ.

ವಿಮೆಯೊಳಗೆ ಕೃತಕ ಅಂಗವನ್ನು ತರುವುದು ನಮ್ಮ ದೇಶಕ್ಕೆ ಹೊಸ ವಿಚಾರವೂ ಅಲ್ಲ. 1948ರ ಕಾಯ್ದೆಯಡಿ ಬಂದ ಇಎಸ್‌ಐ ಯೋಜನೆಯಲ್ಲಿ ವಿಮೆಗೊಳಪಟ್ಟ ಕಾರ್ಮಿಕರಿಗೆ ವೈದ್ಯಕೀಯ ಸೌಲಭ್ಯದ ಭಾಗವಾಗಿಯೇ ಕೃತಕ ಅಂಗ ಕೊಡುತ್ತಾರೆ. ತಿಂಗಳಿಗೆ 21,000 ರೂಪಾಯಿಯೊಳಗೆ ಸಂಬಳವಿರುವ ಗಾರ್ಮೆಂಟ್ಸ್ ಕಾರ್ಮಿಕರಿಗೆ ಸಲ್ಲುವ ಹಕ್ಕು, ಅದಕ್ಕಿಂತ ಸ್ವಲ್ಪ ಮೇಲಿದ್ದು ಸ್ವಂತ ಹಣದಲ್ಲಿ ವಿಮೆ ಕೊಂಡವರಿಗೆ ಇಲ್ಲವಾಗಿದೆ. ನ್ಯಾಯಾಲಯವೂ ಈ ವಿಷಯವನ್ನು ಸರಿಯಾಗಿ ಗ್ರಹಿಸಿದೆ. ರಸ್ತೆ ಅಪಘಾತವೊಂದರ ಪರಿಹಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಡಿಸೆಂಬರಿನಲ್ಲಿ, ಕೃತಕ ಕಾಲು ಐದಾರು ವರ್ಷ ಮಾತ್ರ ಬಾಳುತ್ತದೆ, ಮಧ್ಯೆ ರಿಪೇರಿಯೂ ಬೇಕು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡು ಪರಿಹಾರದ ಮೊತ್ತವನ್ನು ಹೆಚ್ಚಿಸಿತು. ಒಂದು ಕಾಲು ಒಮ್ಮೆ ಕೊಂಡರೆ ಮುಗಿಯುವ ಖರ್ಚಲ್ಲ ಎಂಬ ಈ ಸರಳ ಸತ್ಯ ಆರೋಗ್ಯ ವಿಮೆಯ ಷರತ್ತುಗಳಿಗೂ ಬರಬೇಕು.

ವಿಮಾ ಕ್ಷೇತ್ರದಲ್ಲಿ ಕೆಲಸ ಮಾಡುವ ಬಂಧುವೊಬ್ಬರು ಕಂಪನಿಗಳ ಕಷ್ಟವನ್ನು ನನಗೆ ವಿವರಿಸಿದರು: ಕೃತಕ ಕಾಲಿನ ಬೆಲೆ ಕೆಲವು ಸಾವಿರದಿಂದ ಹತ್ತಾರು ಲಕ್ಷದವರೆಗೆ ಇರುತ್ತದೆ, ಮಿತಿಯಿಲ್ಲದೆ ಒಪ್ಪಿಕೊಂಡರೆ ಎಲ್ಲರ ಪ್ರೀಮಿಯಂ ಏರುತ್ತದೆ ಎಂದರು. ಮಾತು ನಿಜ. ಅದಕ್ಕೆ ಉತ್ತರ ಮಿತಿ ಹಾಕುವುದು, ಬಾಗಿಲು ಮುಚ್ಚುವುದಲ್ಲ. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಯೋಜನೆ ಕಾಲು ಕಳೆದುಕೊಂಡವರ ನಡಿಗೆಯ ಸಾಮರ್ಥ್ಯವನ್ನು ಸೊನ್ನೆಯಿಂದ ನಾಲ್ಕರವರೆಗೆ ಐದು ಹಂತಗಳಲ್ಲಿ ಗುರುತಿಸಿ, ಆ ಹಂತಕ್ಕೆ ತಕ್ಕ ಕಾಲಿಗೆ ಒಪ್ಪಿತ ವೆಚ್ಚದ ನೂರಕ್ಕೆ 80ರಷ್ಟನ್ನು ಕೊಡುತ್ತದೆ. ಖಾಸಗಿ ವಿಮೆಯೂ ಕೃತಕ ಅಂಗಕ್ಕೆ ಅದಕ್ಕೆ ಸಮನಾಗಿ ಕೊಡಬೇಕೆಂದು ಕೊಲರಾಡೊ ರಾಜ್ಯ 2000ರಲ್ಲಿ ಕಾನೂನು ಮಾಡಿತು. ಆಮೇಲೆ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಅದೇ ಬಗೆಯ ಕಾನೂನು ತಂದವು. ಅವುಗಳ ಹಿಂದೆ ನಿಂತು ದುಡಿದವರು ಕಾಲು ಕೈ ಕಳೆದುಕೊಂಡವರು ಮತ್ತು ಅವರ ಮನೆಯವರೇ. ಬೆಲೆಯ ಮಾತಿಗೆ ಬಂದರೆ ನಮ್ಮಲ್ಲಿಯೇ ಒಳ್ಳೆಯ ಕೆಲಸ ನಡೆದಿದೆ. ಐಐಟಿ ಮದ್ರಾಸ್ ಬೆಂಗಳೂರಿನ ಮೊಬಿಲಿಟಿ ಇಂಡಿಯಾ ಸಂಸ್ಥೆಯ ಜೊತೆಗೂಡಿ 2022ರಲ್ಲಿ ಹೊರತಂದ, ತೊಡೆಯ ಮಟ್ಟದಲ್ಲಿ ಕಾಲು ಹೋದವರು ಹೊರಗಿನಿಂದ ಹಾಕಿಕೊಳ್ಳುವ 'ಕದಮ್' ಎಂಬ ಕೃತಕ ಮಂಡಿ ಇಲ್ಲಿಯೇ ರೂಪುಗೊಂಡದ್ದು. ಅದು 160 ಡಿಗ್ರಿಯವರೆಗೆ ಮಡಚುತ್ತದೆ, ಬಸ್ಸಿನ ಇಕ್ಕಟ್ಟಿನ ಸೀಟಿನಲ್ಲಿಯೂ ಕೂರಬಹುದು. ಇಂಥ ವಸ್ತುವಿಗೆ ವಿಮೆಯ ಬೆಂಬಲ ಸಿಕ್ಕರೆ ತಯಾರಿಕೆಯೂ ಹೆಚ್ಚುತ್ತದೆ.

ನಾನು ಕಂಪನಿಗೂ ಹೈದರಾಬಾದಿನಲ್ಲಿರುವ ವಿಮಾ ನಿಯಂತ್ರಣ ಪ್ರಾಧಿಕಾರಕ್ಕೂ ಬರೆದು ಕೇಳಿರುವುದು ದೊಡ್ಡದೇನಲ್ಲ. ಅಂಗಚ್ಛೇದನಕ್ಕೆ ಹಣ ಕೊಟ್ಟ ಪಾಲಿಸಿ, ಅದೇ ಚಿಕಿತ್ಸೆಯ ಮುಂದುವರಿಕೆಯಾಗಿ, ವೈದ್ಯರು ಬರೆದುಕೊಟ್ಟ ಮೊದಲ ಕೃತಕ ಅಂಗಕ್ಕೆ ಒಂದು ನಿಗದಿತ ಮೊತ್ತದವರೆಗೆ ಕೊಡಬೇಕು. ಅದರ ಗಡುವನ್ನು 60 ದಿನದ ಬದಲು ಕನಿಷ್ಠ ಒಂದು ವರ್ಷ ಮಾಡಬೇಕು. ಉಳಿದ ಕಾಲು ಸಣ್ಣಗಾದಂತೆ ಸಾಕೆಟ್ ಬದಲಿಸುವ ಖರ್ಚು ಅದರಲ್ಲಿ ಸೇರಬೇಕು. ಬೆಳೆಯುವ ಮಕ್ಕಳಿಗೆ ಇದು ಇನ್ನೂ ಬೇಗ ಬೇಗ ಸಿಗಬೇಕು. ಅಂಗವಿಕಲರಿಗೆ ವಿಮಾ ಪಾಲಿಸಿಯನ್ನು ಒದಗಿಸಲೇಬೇಕೆಂದು ಪ್ರಾಧಿಕಾರ 2023ರ ಫೆಬ್ರುವರಿಯಲ್ಲಿ ಎಲ್ಲ ಕಂಪನಿಗಳಿಗೂ ಸೂಚಿಸಿದೆ. ಆ ಪಾಲಿಸಿಯೊಳಗೆ ಅವರು ನಡೆಯುವ ಕಾಲೇ ಇಲ್ಲದಿದ್ದರೆ ಸೂಚನೆಯ ಉದ್ದೇಶ ಅರ್ಧವಷ್ಟೇ ಈಡೇರಿದಂತೆ.

ಹೊಸದಾಗಿ ಪಾಲಿಸಿ ಕೊಳ್ಳುವವರಿಗೆ, ಮುಖ್ಯವಾಗಿ ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ, ಒಂದು ಮಾತು. ಏಜೆಂಟರು ತೋರಿಸುವ ಬಣ್ಣದ ಕರಪತ್ರವನ್ನು ಬದಿಗಿಟ್ಟು, ಪಾಲಿಸಿಯ ಪೂರ್ಣ ಪಠ್ಯವನ್ನು ತರಿಸಿಕೊಂಡು, ಹೊರಗಿಟ್ಟ ವೆಚ್ಚಗಳ ಭಾಗದಲ್ಲಿ ಕೃತಕ ಅಂಗ, ಬಾಹ್ಯ ಸಾಧನ, ಬೇರ್ಪಡಿಸಬಹುದಾದ ಸಾಧನ ಎಂಬ ಮಾತುಗಳನ್ನು ಹುಡುಕಿ ನೋಡಿ. ಇದ್ದರೆ, ಹೆಚ್ಚುವರಿ ಪ್ರೀಮಿಯಂ ಕಟ್ಟಿ ಅದನ್ನು ಸೇರಿಸಲು ಬರುತ್ತದೆಯೇ ಎಂದು ಲಿಖಿತವಾಗಿ ಕೇಳಿ. ಬಾಯಿಮಾತಿನ ಉತ್ತರವನ್ನು ನಂಬಬೇಡಿ.

ನಾನು ಈ ಪಾಲಿಸಿಯನ್ನು ಬಿಟ್ಟಿಲ್ಲ. ಅಪ್ಪನ ಇನ್ನೊಂದು ಕಾಲಿದೆ, ಅಮ್ಮನ ಇನ್ನೊಂದು ಮಂಡಿಯಿದೆ, ಆಸ್ಪತ್ರೆ ಸೇರಬೇಕಾಗಿ ಬಂದರೆ ಈ ಕಂಪನಿ ಕೈಬಿಡುವುದಿಲ್ಲವೆಂದು ಅನುಭವದಿಂದ ಗೊತ್ತಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ನೂರಕ್ಕೆ 18ರಷ್ಟು ಜಿಎಸ್‌ಟಿ ತೆಗೆದುಹಾಕಿದ್ದರಿಂದ ನವೆಂಬರಿನ ನವೀಕರಣದಲ್ಲಿ ಸ್ವಲ್ಪ ಹಣ ಉಳಿಯಿತು. ಅಪ್ಪ ಈಗ ಬೆಳಿಗ್ಗೆ ಮಾರುಕಟ್ಟೆಯ ಅಂಗಳದವರೆಗೆ ನಡೆದು ಹೋಗಿ, ಹಳೆಯ ಸ್ನೇಹಿತರ ಕೊಬ್ಬರಿ ಮಂಡಿಯಲ್ಲಿ ಕುಳಿತು, ಧಾರಣೆ ಕೇಳಿಕೊಂಡು ಬರುತ್ತಾರೆ. ಬಲಗಾಲಿನ ಉಳಿದ ತುಂಡು ಸಣ್ಣಗಾಗಿ ಸಾಕೆಟ್ ಸಡಿಲವಾಗಿದೆ, ಮೂರು ಕಾಲುಚೀಲ ಹಾಕಿ ಹೊಂದಿಸಿಕೊಳ್ಳುತ್ತಿದ್ದಾರೆ. ಹೊಸ ಸಾಕೆಟ್ಟಿಗೂ ಲೈನರಿಗೂ ಸೇರಿ 58,000 ರೂಪಾಯಿ ಆಗುತ್ತದೆಂದು ಕೇಂದ್ರದವರು ಹೇಳಿದ್ದಾರೆ. ಉಳಿದ ಜಿಎಸ್‌ಟಿ ಹಣವನ್ನು ಅದಕ್ಕೆಂದು ತೆಗೆದಿರಿಸಿದ್ದೇನೆ. ಬಿಲ್ಲು ಬಂದ ಮೇಲೆ ಈ ಸಲವೂ ಕ್ಲೇಮ್ ಸಲ್ಲಿಸುತ್ತೇನೆ.